ಒಂಬತ್ತನೆಯ ಶರತ್ತು

ಜಟ್ಟಿ ಪೆನ್ನಿನ ಮುಚ್ಚಳ ತೆಗೆದದ್ದೇ ತಡ, ಮೇಜಿನಡಿಯಲ್ಲಿ ತಂಗಿ ಸುಪ್ರಿಯಾ ಅವನ ಕಾಲು ತುಳಿದಳು.

"ನಮ್ಮಣ್ಣಂಗೆ ಓದೂಕೆ ಬರಿಯೂಕೆ ಬರೂದಿಲ್ಲ ಸಾರ್. ಹೆಬ್ಬೆಟ್ಟೇ ಒತ್ತೂದು."

ಮುರ್ಡೇಶ್ವರದ ಹೋಟೆಲೊಂದರ ಮೀಟಿಂಗ್ ಹಾಲು. ವಿದ್ಯಾರ್ಥಿವೇತನ ಕೊಡುವ ಟ್ರಸ್ಟಿನ ಕಾರ್ಯದರ್ಶಿ ಮಹಾಗಣಪತಿಯವರು ಕನ್ನಡಕ ಮೇಲೆತ್ತಿ ಜಟ್ಟಿಯನ್ನು ನೋಡಿದರು. ಬಾಗಿಲಿಗೆ ಬಂದ ದನವನ್ನು ನೋಡುವಷ್ಟು ಕನಿಕರ ಆ ಕಣ್ಣಲ್ಲಿತ್ತು. ಮುಂಬಯಿಯ ದಾನಿಯ ದುಡ್ಡು. ಸುಪ್ರಿಯಾ ಧಾರವಾಡದಲ್ಲಿ ಎರಡು ವರ್ಷ ಎಂಎಸ್ಸಿ ಓದಲು ಫೀಸು, ಹಾಸ್ಟೆಲು ಎಲ್ಲ ಅವರದೇ. ಆದರೆ ಮನೆಯಲ್ಲಿ ಬೇರೆ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಬಾರದು. ಫೀಸು ಕಟ್ಟಲು ನಾಳೆಯೇ ಕಡೆಯ ದಿನ.

ಜಟ್ಟಿ ಹತ್ತಿದ್ದ. ಹೊನ್ನಾವರದಲ್ಲಿ ಪಿಯುಸಿ, ನಾಲ್ಕೇ ತಿಂಗಳು. ಅಪ್ಪ ಸತ್ತ ಮಳೆಗಾಲ ಆ ಮೆಟ್ಟಿಲಿಳಿದು ಚಿರೆಕಲ್ಲಿನ ಕ್ವಾರಿಗೆ ಹೋದವನು ಎಂಟು ವರ್ಷ ಕಲ್ಲು ಹೊತ್ತು ಇವಳನ್ನು ಓದಿಸಿದ.

"ಎಂತ ಬರೆಸಿದ್ಯೆ ಅರ್ಜಿಲಿ?" ಎಂದು, ಕಾರ್ಯದರ್ಶಿಗಳು ಚೀಲದಲ್ಲಿ ಹಾಳೆ ಹುಡುಕುತ್ತಿದ್ದಾಗ, ತುಟಿ ಅಲ್ಲಾಡಿಸದೆ ಕೇಳಿದ.

"ಸೈಬರ್ ಅಂಗಡಿ ದಾಸಣ್ಣ ಹೇಳ್ದ. ಶಾಲಿಗೆ ಹೋಗಿದ್ದ ಅಂದ್ರೆ ಎಲ್ಲಿವರೆಗೆ ಅಂತ ಕೇಳ್ತ್ರು, ಹೋಗೇ ಇಲ್ಲ ಅಂದ್ರೆ ಕೇಳೂದಿಲ್ಲ ಅಂತ. ನಿಂಗೆ ಹೇಳೂಕೆ ಹೆದ್ರಿಕೆ ಆಯ್ತು ಅಣ್ಣ," ಎಂದು ಅವಳು ಪಿಸುಗುಟ್ಟಿದಳು.

ಕಾರ್ಯದರ್ಶಿಗಳ ಮುಂದಿದ್ದ ಅರ್ಜಿ ಅವನಿಗೆ ತಲೆಕೆಳಗಾಗಿ ಕಾಣುತ್ತಿತ್ತು. ಪೋಷಕ: ಅಣ್ಣ ಜಟ್ಟಿ. ಕೂಲಿ. ಅನಕ್ಷರಸ್ಥ. ತನಗೆ ಓದಲು ಬರುವುದಿಲ್ಲವೆಂಬುದನ್ನು ಅವನು ತಾನೇ ಓದಿಕೊಂಡ.

"ಹೆದರ್ಬೇಡ ತಮ್ಮಾ, ನಾನೇ ಓದಿ ಹೇಳ್ತೇನೆ," ಎಂದು ಮಹಾಗಣಪತಿಯವರು ಒಪ್ಪಿಗೆಯ ಹಾಳೆಯನ್ನು ಅವನ ಮುಂದಿಟ್ಟು ಶರತ್ತುಗಳ ಮೇಲೆ ಬೆರಳಾಡಿಸಿದರು. ಫೇಲಾಗಬಾರದು. ನಡತೆ ಚೆನ್ನಾಗಿರಬೇಕು. ವರ್ಷಕ್ಕೊಮ್ಮೆ ದಾನಿಗೆ ಪತ್ರ ಬರೆಯಬೇಕು. ಎಂಟನೆಯದಕ್ಕೆ ಬೆರಳು ನಿಂತಿತು. "ಉಳಿದದ್ದು ಕಾನೂನಿನ ಮಾತು. ನಿಂಗೆ ತಿಳಿಯೂದಿಲ್ಲ."

ಜಟ್ಟಿಯ ಕಣ್ಣು ಆಗಲೇ ಕೆಳಗಿಳಿದಿತ್ತು. ಒಂಬತ್ತು: ಓದು ಮುಗಿದ ಮೇಲೆ ವಿದ್ಯಾರ್ಥಿನಿಯು ಮೂರು ವರ್ಷ ಅಪ್ಸರಕೊಂಡದಲ್ಲಿರುವ ದಾನಿಯ ರೆಸಾರ್ಟಿನಲ್ಲಿ ಊಟ, ವಸತಿಯ ಮೇಲೆ ಮಾತ್ರ, ಹೇಳಿದ ಕೆಲಸವನ್ನು ಮಾಡತಕ್ಕದ್ದು.

ಎಂಎಸ್ಸಿ ಓದಿ ಪ್ರವಾಸಿಗರ ಹಾಸಿಗೆಯ ಚಾದರ ಕೊಡವುವುದು! ಸಂಬಳವೂ ಇಲ್ಲದೆ! ಆದರೆ ಬಾಯಿ ಬಿಟ್ಟರೆ ಓದು ಬಲ್ಲವನೆಂದು ಗೊತ್ತಾಗುತ್ತದೆ, ತಂಗಿ ಸುಳ್ಳಿಯಾಗುತ್ತಾಳೆ, ಧಾರವಾಡ ಅಲ್ಲಿಗೇ ಮುಗಿಯುತ್ತದೆ. ಪೋಷಕರಿಗೆಂದೇ ಇದ್ದ ಆ ಹಾಳೆಯನ್ನು ಅವಳು ನೋಡಿಯೂ ಇರಲಿಲ್ಲ.

"ಓದಿ ಆದ್ಮೇಲೆ ಇವ್ಳು ನಿಮ್ಗೆ ಕೆಲ್ಸ ಗಿಲ್ಸ ಮಾಡ್ಬೇಕಾ ಸಾರ್?"

"ಅದನ್ನೆಲ್ಲ ದಾನಿಗಳೇ ನೋಡ್ಕೊಳ್ತಾರೆ. ನಿಮ್ಮಂಥವ್ರಿಗೆ ದೇವ್ರಿದ್ದ ಹಾಗೆ ಅವ್ರು. ಒತ್ತು."

ಜಟ್ಟಿ ಹೆಬ್ಬೆರಳನ್ನು ಶಾಯಿಯಲ್ಲಿ ಅದ್ದಿದ. ಹಲ್ಲು ಕಚ್ಚಿ ಒಂಬತ್ತನೆಯ ಶರತ್ತಿನ ಮೇಲೇ ಒತ್ತಿ, ಆ ತುದಿಯಿಂದ ಈ ತುದಿಗೆ ತಿಕ್ಕಿಬಿಟ್ಟ. ಒಂದಕ್ಷರವೂ ಉಳಿಯಲಿಲ್ಲ.

"ಅಯ್ಯಯ್ಯೋ, ಅಲ್ಲಲ್ಲ! ಕೆಳಗೆ ಜಾಗ ಬಿಟ್ಟದ್ದು ಕಾಣೂದಿಲ್ವಾ?"

"ಓದೂಕೆ ಬರೂದಿಲ್ವಲ್ಲ ಸಾರ್. ನಮ್ಗೆ ಎಲ್ಲ ಒಂದೇ."

ಮಹಾಗಣಪತಿಯವರು ಸಿಟ್ಟಾಗಲಿಲ್ಲ. ಚೀಲಕ್ಕೆ ಕೈಹಾಕಿ ಅದೇ ಹಾಳೆಯ ಇನ್ನೊಂದು ಪ್ರತಿ ತೆಗೆದರು. ಒಳಗೆ ಒಂದು ಕಟ್ಟೇ ಇತ್ತು. "ನೀವೆಲ್ಲ ಹೀಗೆ ಮಾಡ್ತೀರಿ ಅಂತ್ಲೇ ಹೆಚ್ಚಿಗೆ ತರೂದು," ಎಂದರು. ಅಂಗನವಾಡಿಯ ಮಗುವಿಗೆ ಮೊದಲ ಅಕ್ಷರ ತಿದ್ದಿಸುವಂತೆ ಜಟ್ಟಿಯ ಹೆಬ್ಬೆರಳನ್ನು ತಾವೇ ಹಿಡಿದು, ಸರಿಯಾದ ಜಾಗದಲ್ಲಿ ನಿಧಾನಕ್ಕೆ ಒತ್ತಿಸಿದರು.

"ಆತು ಅಣ್ಣ, ಆತು!" ಸುಪ್ರಿಯಾಳ ಕಣ್ಣು ತುಂಬಿತ್ತು.

ಹಾಳೆಯ ಮೇಲೆ ಬರೀ ಕಪ್ಪು. ಬೆರಳಿನ ಗೆರೆಗಳನ್ನೆಲ್ಲ ಚಿರೆಕಲ್ಲು ಎಂದೋ ತಿಂದುಹಾಕಿತ್ತು.

"ಇದು ಯಾರದ್ದೂ ಆಗ್ಬಹುದಲ್ಲೋ," ಎಂದು ನಗುತ್ತ ಕಾರ್ಯದರ್ಶಿಗಳು ಜಟ್ಟಿಯ ಮುಂದಿದ್ದ ಪೆನ್ನನ್ನು ಎತ್ತಿಕೊಂಡು, ಆ ಕಪ್ಪಿನ ಕೆಳಗೆ ಅವನ ಹೆಸರನ್ನು ತಾವೇ ಬರೆದರು.