ಬ್ರಾಹ್ಮಿ ಎಣ್ಣೆ

“ಜೈತೂನ, ಕುದುರಿಗೆ ಹುಲ್ಲ ಹಾಕೀಯೇನವ್ವಾ?”

ಗಂಡ ಮಕ್ತುಂಸಾಬನ ಬೆನ್ನ ಹಿಂದೆ ಕೂತು ಅವನ ನೆತ್ತಿಗೆ ಬ್ರಾಹ್ಮಿ ಎಣ್ಣೆ ತಿಕ್ಕುತ್ತಿದ್ದ ಹಾಜರಾಬಿ, ಸೆರಗನ್ನು ಬಾಯಿಗೆ ಒತ್ತಿಕೊಂಡು, ಒಳಗೋಣೆಯ ಕಡೆ ಮುಖ ತಿರುಗಿಸಿ, ದನಿ ಸಣ್ಣದು ಮಾಡಿ ಅಂದಳು: “ಹಾಕೇನಿ, ಅಬ್ಬಾ.”

ಉಣಕಲ್ ಕೆರೆಯ ಏರಿಯ ಮೇಲೆ ಟಾಂಗಾ ಮಗುಚಿದಾಗ ಮಕ್ತುಂಸಾಬನ ತಲೆ ಕಲ್ಲಿಗೆ ಬಡಿದಿತ್ತು. ಪಕ್ಕದಲ್ಲಿ ಕೂತಿದ್ದ ಮಗಳು ಜೈತೂನ ಅಲ್ಲೇ ತೀರಿಕೊಂಡಿದ್ದಳು. ಎಚ್ಚರವಾದ ಮೇಲೆ ಅವನಿಗೆ ಅದ್ಯಾವುದೂ ನೆನಪಿರಲಿಲ್ಲ. ಹೇಳಿದರೆ ಎದೆ ಬಡಿದುಕೊಂಡು ಅಳುವನು. ಮರುದಿನ ಅದನ್ನೂ ಮರೆತು ಮತ್ತೆ ಮಗಳನ್ನು ಕೂಗುವನು. ಅವನಿಗೆ ಆ ಸಾವನ್ನು ದಿನಾ ಹೊಸದಾಗಿ ಹೇಳಲಾರದೆ ಹಾಜರಾಬಿಯೇ ಮಗಳಾಗಿ ಓಗೊಡತೊಡಗಿದ್ದಳು. “ಎಣ್ಣಿ ಬಿಡಬ್ಯಾಡವಾ, ನೆನಪು ತಾನ ತಿರುಗಿ ಬರತೈತಿ” ಎಂದಿದ್ದರು ಹಕೀಮರು. ಅಂದಿನಿಂದ ಆ ನೆನಪು ಎಲ್ಲಿ ಬಂದೀತೋ ಎಂದು ಅಂಜುತ್ತಲೇ ಅವಳು ಎಣ್ಣೆಯ ಬಟ್ಟಲು ಕೈಗೆತ್ತಿಕೊಳ್ಳುತ್ತಿದ್ದಳು.

ಈಗ ಮಕ್ತುಂಸಾಬ ತನ್ನ ತಲೆಯ ಮೇಲಿದ್ದ ಅವಳ ಕೈ ಹಿಡಿದುಕೊಂಡ. ಹಿಂದಕ್ಕೆ ತಿರುಗಲಿಲ್ಲ.

“ಜೈತೂನ ಮಾತಾಡಿದಾಗೊಮ್ಮೆ ನಿನ್ನ ಬೆರಳು ನಡಗತಾವ,” ಅಂದ.

ಹಾಜರಾಬಿಯ ಬಾಯಿಂದ ಸೆರಗು ಜಾರಿತು.

“ಏರಿ ಮ್ಯಾಲ ಟಾಂಗಾ ನಾನ ಹೊಡಿಯಾಕತ್ತಿದ್ದೆ. ಖರೇ ಹೌದಲ್ಲ?”

ಅವಳು ತನ್ನ ಹಣೆಯನ್ನು ಅವನ ಬೆನ್ನಿಗೆ ಒತ್ತಿದಳು. ಅವನು ಅವಳ ಕೈ ಬಿಡಲಿಲ್ಲ. ಎಣ್ಣೆ ಅವನ ಹಣೆಯಿಂದ ಹುಬ್ಬಿಗೆ ಇಳಿಯುತ್ತಿತ್ತು. ಆಮೇಲೆ ಅವನು ಆ ಕೈಯನ್ನು ಒಮ್ಮೆ ಒತ್ತಿ, ಖಾಲಿ ಒಳಗೋಣೆಯನ್ನೇ ನೋಡುತ್ತ ಮೆಲ್ಲಗೆ ಕೂಗಿದ:

“ಜೈತೂನ, ಕುದುರಿಗೆ ನೀರ ಇಟ್ಟೀಯೇನವ್ವಾ?”