ಸಂಜೆ ತನಕದ ಔಷಧ

ನಿಕರಾಗುವಾದ ಮಸಾಯಾ ಪಟ್ಟಣದಲ್ಲಿ ಮುದುಕಿಯೊಬ್ಬಳು ನೂಲಿನ ತೂಗುಜೋಲಿ ನೇಯುವುದನ್ನು ನೋಡಿ, ಅಲ್ಲಿಂದ ಜ್ವಾಲಾಮುಖಿಯ ಅಂಚಿಗೆ ಬಂದು ನಿಂತಿದ್ದೇನೆ. ಹೊಗೆಯೊಳಗಿನ ಗಂಧಕದ ಘಾಟು ಮೂಗಿಗೆ ಬಡಿದದ್ದೇ ಕೂಡ್ಲಿಗಿ ಕಡೆಯ ನಮ್ಮ ಕುರಿ ರೊಪ್ಪ ಕಣ್ಣೆದುರು ಬಂತು.

ನನ್ನ ಬಾಲ್ಯದ ಒಂದು ಮಧ್ಯಾಹ್ನ ಅಜ್ಜ ಹೊಂಗೆ ಎಣ್ಣೆಯಲ್ಲಿ ಹಳದಿ ಗಂಧಕ ಕಲಸಿ, ಕಜ್ಜಿ ಹತ್ತಿದ ಕುರಿಗಳಿಗೆ ಒಂದೊಂದಾಗಿ ಹಚ್ಚುತ್ತಿದ್ದ. ನಾನು ಕುರಿಯ ತಲೆಯನ್ನು ಒತ್ತಿ ಹಿಡಿದಿದ್ದೆ. ಎಣ್ಣೆಗೆ ಮೆತ್ತಗಾದ ಉಣ್ಣೆ ನನ್ನ ಬೆರಳಿಗೆಲ್ಲ ಅಂಟುತ್ತಿತ್ತು. ಕಂಬಳಿ ನೇಯುತ್ತಿದ್ದ ದೊಡ್ಡಪ್ಪ ತೀರಿಕೊಂಡ ಮೇಲೆ ಮಗ್ಗ ಬಿಚ್ಚಿ ಅಟ್ಟಕ್ಕೇರಿಸಿದ್ದರು. ಈಗ ಈ ಕುರಿಗಳನ್ನೂ ಮಾರಿಯಾಗಿತ್ತು, ಒಯ್ಯುವುದಷ್ಟೇ ಬಾಕಿ. ಅಜ್ಜಿ ಮಾತ್ರ ಗೋಡೆಗೊರಗಿ ಕೂತು, ಯಾರೂ ನೇಯದ ಉಣ್ಣೆಯನ್ನು ನೂಲುತ್ತಲೇ ಇದ್ದಳು.

“ಸಂಜಿಗೆ ಕಟುಕರ ಲಾರಿ ಬರ್ತೈತಿ. ಈಗ ಔಷಧ ಹಚ್ಚಿದ್ರ ಏನ್ ಬಂತು?” ಎಂದಳು.

ಅಜ್ಜ ತಲೆ ಎತ್ತಲಿಲ್ಲ. “ಸಂಜಿ ತನಕ ಅವು ಯಾಕ ಕೆರಕೋಬೇಕು?”

ಅಜ್ಜಿ ಕದರು ಕೆಳಗಿಟ್ಟು ಎದ್ದು ಬಂದು, ಕುರಿಯ ಕಾಲು ಹಿಡಿದಳು.

ಲಾರಿ ಹೊತ್ತಿಗೆ ಮುಂಚೆಯೇ ಬಂತು. ಹಾರನ್ ಬಾರಿಸುತ್ತಿದ್ದ ಡ್ರೈವರನಿಗೆ ಅಜ್ಜ ತನ್ನ ಹಳದಿ ಕೈ ಎತ್ತಿ ತೋರಿಸಿದ.

“ಸ್ವಲ್ಪ ತಡೀರಿ, ಇನ್ನೊಂದು ಉಳದೈತಿ.”