ಅಜ್ಜಿ ಹೇಳಿಕಳಿಸಿದ ಮಾತು

ಮಗಳು ಗಿಟಾರ್ ತಂತಿ ಒರೆಸಿಟ್ಟ ಬಟ್ಟೆಯ ಕಬ್ಬಿಣದ ವಾಸನೆ ಮೂಗಿಗೆ ಬಡಿದರೆ, ಇವತ್ತಿಗೂ ಕೊಪ್ಪದ ನಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಹಸುಗಳಿಗೆ ಮೇವು ಹಾಕಿ ಬಂದ ಚಿಕ್ಕಪ್ಪ ಜಗುಲಿಯಲ್ಲಿ ಕೂತು ಗಿಟಾರ್ ನುಡಿಸುತ್ತಿದ್ದ. ಬೈಕಿನಲ್ಲಿ ಮದ್ದೂರಿಗೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟವನು ಏಳುವ ಲಕ್ಷಣವೇ ಇರಲಿಲ್ಲ. ಎಂಟು ವರ್ಷದ ನಾನು ಹೊಸ ಲಂಗ ತೊಟ್ಟು, ಕಾದು ಕಾದು ಸಿಟ್ಟಾಗಿದ್ದೆ.

ಒಳಗೆ ಹಾಸಿಗೆ ಹಿಡಿದಿದ್ದ ಅಜ್ಜಿ ನನ್ನನ್ನು ಕರೆದಳು. ಅವಳ ಒರಟು ಬೆರಳುಗಳು ಕಂಬಳಿಯ ಮೇಲೆ ತಾಳ ಹಾಕುತ್ತಿದ್ದವು.

"ಅದ್ನೇ ಇನ್ನೊಂದ್ಸಲ ನುಡಿಸ್ಲಿ ಅನ್ನು ಕಣವ್ವ. ನೋವೇ ಗೊತ್ತಾಗ್ನಿಲ್ಲ."

ನಾನು ಜಗುಲಿಗೆ ಬಂದು, "ಅಜ್ಜಿಗೆ ತಲೆನೋವಂತೆ, ನಿಲ್ಸು ಅಂತು" ಎಂದೆ.

ಚಿಕ್ಕಪ್ಪನ ಕೈ ತಂತಿಯ ಮೇಲೇ ನಿಂತಿತು. "ಅವ್ವ ಮೊದ್ಲೇ ಯೋಳ್ಬಾರ್ದಾ" ಎನ್ನುತ್ತಾ ಗಿಟಾರನ್ನು ಚೀಲಕ್ಕೆ ಹಾಕಿ, ಬೈಕ್ ತೆಗೆದ.

ಸಂಜೆ ಮದ್ದೂರಿನಿಂದ ಬಂದಾಗ ಅಜ್ಜಿ ಕೇಳಿದಳು, "ಯಾಕವ್ವ, ನುಡಿಸ್ನೇ ಇಲ್ಲ?"

"ಕೈ ನೋವಂತೆ" ಎಂದೆ.

"ಪಾಪ, ಬುಡು. ಬಲವಂತ ಮಾಡ್ಬೇಡ."

ಅಜ್ಜಿ ಇನ್ನೂ ಎರಡು ತಿಂಗಳು ಬದುಕಿದ್ದಳು. ಅಷ್ಟು ದಿನವೂ ಚಿಕ್ಕಪ್ಪ ಗಿಟಾರ್ ಹೊತ್ತು ಗದ್ದೆಯ ಪಂಪ್‌ಸೆಟ್ ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು ನುಡಿಸುತ್ತಿದ್ದ, ಅವ್ವನಿಗೆ ಕೇಳಿಸದಿರಲೆಂದು.